ಕಾಲೇಜಿನ ಗೇಟಿನಲ್ಲಿ ಬಟ್ಟೆಯ ತಪಾಸಣೆ ಬೇಡ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮುಂಬಯಿಯ ಪದವಿ ಕಾಲೇಜುಗಳು ಬೇಸಿಗೆ ರಜೆ ಮುಗಿಸಿ ತೆರೆಯುವ ಹೊತ್ತಿಗೆ ವಿದ್ಯಾರ್ಥಿಗಳ ಮೊಬೈಲಿಗೆ ಬರುವ ಸೂಚನೆಗಳಲ್ಲಿ ಉಡುಪಿನ ಪಟ್ಟಿಯೊಂದು ಈಗೀಗ ತಪ್ಪದೆ ಕಾಣಿಸಿಕೊಳ್ಳುತ್ತಿದೆ. ಹರಿದ ಜೀನ್ಸ್ ಕೂಡದು, ಟೀ-ಶರ್ಟ್ ಕೂಡದು, ತೋಳಿಲ್ಲದ ಕುರ್ತಾ ಕೂಡದು, ಚಪ್ಪಲಿ ಕೂಡದು, ಟೋಪಿ ಮತ್ತು ಹಿಜಾಬ್ ಕೂಡದು ಎಂದು ಸಾಗುವ ಇಂಥ ಪಟ್ಟಿಗಳ ಕೊನೆಗೆ ‘ಸಭ್ಯ ಉಡುಪು ಧರಿಸತಕ್ಕದ್ದು’ ಎಂಬ ಸಾಲೊಂದು ಇರುತ್ತದೆ. ಯಾವುದು ಸಭ್ಯ, ಯಾವುದು ಅಲ್ಲ ಎಂಬ ತೀರ್ಮಾನವನ್ನು ಮಾತ್ರ ಗೇಟಿನಲ್ಲಿ ನಿಂತ ಕಾವಲುಗಾರನಿಗೆ ಬಿಡಲಾಗುತ್ತದೆ. ಉಪನಗರದ ಕಾಲೇಜೊಂದರಲ್ಲಿ ಬಹುಕಾಲ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದ ನಾನು, ವಿದ್ಯಾರ್ಥಿಗಳ ಉಡುಪಿಗೆ ನಿಯಮವೇ ಇರಬಾರದು ಎನ್ನುವವಳಲ್ಲ. ಆದರೆ ಕಲಿಕೆಯ ಕೆಲಸಕ್ಕೆ ಬೇಕಾಗಿ ಮಾಡುವ ನಿಯಮ ಬೇರೆ, ನೋಡುವವರ ಇಷ್ಟಾನಿಷ್ಟಕ್ಕಾಗಿ ಮಾಡುವ ನಿಯಮ ಬೇರೆ. ಮೊದಲನೆಯದು ಇರಲೇಬೇಕು. ಎರಡನೆಯದನ್ನು ಹದಿನೆಂಟು ತುಂಬಿದ, ಮತದಾನದ ಹಕ್ಕು ಪಡೆದ ವಿದ್ಯಾರ್ಥಿಗಳ ಮೇಲೆ ಹೇರುವುದು ತಪ್ಪು. ಅದರ ಹೆಸರಿನಲ್ಲಿ ಅವರನ್ನು ತರಗತಿಯಿಂದಾಗಲಿ ಪರೀಕ್ಷೆಯಿಂದಾಗಲಿ ಹೊರಗಿಡುವುದು ಇನ್ನೂ ದೊಡ್ಡ ತಪ್ಪು ಎಂಬ ನನ್ನ ಅಭಿಪ್ರಾಯವನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದಿಡಲು ಬಯಸುತ್ತೇನೆ.

ನಾನು ಚೆನ್ನಾಗಿ ಬಲ್ಲ ಪ್ರಯೋಗಾಲಯದಿಂದಲೇ ಆರಂಭಿಸುತ್ತೇನೆ. ರಸಾಯನಶಾಸ್ತ್ರದ ಪ್ರಯೋಗಾಲಯದೊಳಗೆ ಬರುವವರು ಹತ್ತಿಯ ಏಪ್ರನ್ ಹಾಕಿರಬೇಕು, ಪಾದವನ್ನು ಪೂರ್ತಿ ಮುಚ್ಚುವ ಬೂಟು ತೊಟ್ಟಿರಬೇಕು, ಉದ್ದ ಕೂದಲನ್ನು ಹಿಂದಕ್ಕೆ ಕಟ್ಟಿರಬೇಕು, ದುಪಟ್ಟಾವನ್ನು ಇಳಿಬಿಡದೆ ಅಡ್ಡಲಾಗಿ ಬಿಗಿದು ಏಪ್ರನ್ನಿನ ಒಳಗೆ ಸೇರಿಸಿರಬೇಕು. ಈ ಒಂದೊಂದು ಸೂಚನೆಗೂ ಕಾರಣವಿದೆ. ನೈಲಾನ್, ಪಾಲಿಯೆಸ್ಟರ್ ಬಟ್ಟೆಗೆ ಬರ್ನರಿನ ಜ್ವಾಲೆ ತಗುಲಿದರೆ ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹತ್ತಿ ಬಟ್ಟೆಯೂ ಉರಿಯುತ್ತದೆ, ಆದರೆ ಹಾಗೆ ಕರಗಿ ಅಂಟುವುದಿಲ್ಲ. ಗಂಧಕಾಮ್ಲದ ಒಂದು ಹನಿ ಹತ್ತಿಯ ಮೇಲೆ ಬಿದ್ದರೆ ಆ ಗಳಿಗೆಯಲ್ಲಿ ಏನೂ ಕಾಣಿಸದಿರಬಹುದು, ಬಟ್ಟೆ ಒಗೆದು ಬಂದ ಮೇಲೆ ಅಲ್ಲಿ ತೂತು ಇರುತ್ತದೆ. ಏಪ್ರನ್ ಇಲ್ಲದಿದ್ದರೆ ಅದೇ ಹನಿ ಉಟ್ಟ ಬಟ್ಟೆಯನ್ನು ದಾಟಿ ಮೈಗೆ ತಾಕುತ್ತದೆ. ಒಡೆದ ಬೀಕರಿನ ಚೂರುಗಳು ಬೀಳುವುದು ಪಾದದ ಮೇಲೆಯೇ. ಈ ಕಾರಣಗಳನ್ನು ವರ್ಷದ ಮೊದಲ ಪ್ರಾತ್ಯಕ್ಷಿಕೆಯ ದಿನ ವಿವರಿಸಿ ಹೇಳಿದರೆ ವಿದ್ಯಾರ್ಥಿಗಳು ವಾದಿಸುವುದಿಲ್ಲ, ಮರುವಾರದಿಂದ ತಾವೇ ಪಾಲಿಸುತ್ತಾರೆ, ಒಬ್ಬರು ಮರೆತರೆ ಪಕ್ಕದವರು ನೆನಪಿಸುತ್ತಾರೆ.

ತಲೆವಸ್ತ್ರ ಧರಿಸುವ ಹುಡುಗಿಯರಿಗೂ ನಾನು ಹೇಳಿದ್ದು ಇದನ್ನೇ: ಹತ್ತಿಯದಿರಲಿ, ತುದಿಗಳನ್ನು ಹಿಂದಕ್ಕೆ ಬಿಗಿದು ಏಪ್ರನ್ನಿನ ಒಳಗೆ ಸೇರಿಸಿರಲಿ. ಇಳಿಬಿದ್ದ ದುಪಟ್ಟಾದಿಂದ ಎಷ್ಟು ಅಪಾಯವೋ ಇಳಿಬಿದ್ದ ತಲೆವಸ್ತ್ರದಿಂದಲೂ ಅಷ್ಟೇ ಅಪಾಯ. ಬಿಗಿದು ಕಟ್ಟಿದ ಮೇಲೆ ಎರಡರಿಂದಲೂ ಇಲ್ಲ. ದ್ರಾವಣದ ಪ್ರಬಲತೆ ಅಳೆಯುವ ಟೈಟ್ರೇಶನ್ ಪ್ರಯೋಗ ಮಾಡುವಾಗ ಬ್ಯೂರೆಟ್ ಎಂಬ ಅಳತೆಗೊಳವೆಯ ಗುರುತನ್ನು ಸರಿಯಾಗಿ ಓದಿದ್ದಾಳೋ ಇಲ್ಲವೋ ಎಂಬುದಕ್ಕೂ ಅವಳ ತಲೆಯ ಮೇಲೇನಿದೆ ಎಂಬುದಕ್ಕೂ ಯಾವ ಸಂಬಂಧವನ್ನೂ ನನ್ನ ಸೇವಾವಧಿಯಲ್ಲಿ ನಾನು ಕಾಣಲಿಲ್ಲ. ಎಂಜಿನಿಯರಿಂಗ್ ಕಾಲೇಜುಗಳ ವರ್ಕ್‌ಶಾಪಿನಲ್ಲಿ ತಿರುಗುವ ಯಂತ್ರದ ಮುಂದೆ ಸಡಿಲ ತೋಳಿನ ಅಂಗಿ ಕೂಡದು ಎನ್ನುವುದು, ಆಸ್ಪತ್ರೆಯ ವಾರ್ಡಿನಲ್ಲಿ ವೈದ್ಯಕೀಯ ವಿದ್ಯಾರ್ಥಿ ಬಿಳಿ ಕೋಟು ಹಾಕಬೇಕೆನ್ನುವುದು, ಹೋಟೆಲ್ ಮ್ಯಾನೇಜ್‌ಮೆಂಟ್ ಓದುವವರು ಅಡುಗೆಮನೆಯಲ್ಲಿ ತಲೆಗೆ ಟೋಪಿ ಹಾಕಬೇಕೆನ್ನುವುದು, ಇವೆಲ್ಲವೂ ಕೆಲಸದ ಒಳಗಿನಿಂದ ಹುಟ್ಟಿದ ನಿಯಮಗಳು. ಇತಿಹಾಸದ ಪಾಠ ಕೇಳಲು ಬೆಂಚಿನ ಮೇಲೆ ಕೂರುವವರಿಗೆ ಟೀ-ಶರ್ಟ್ ಕೂಡದೆಂಬ ನಿಯಮ ಯಾವ ಕೆಲಸದಿಂದ ಹುಟ್ಟಿತು ಎಂದು ಕೇಳಿದರೆ ‘ಶಿಸ್ತು’ ಎಂಬ ಉತ್ತರ ಬರುತ್ತದೆ. ಸಮಯಕ್ಕೆ ತರಗತಿಗೆ ಬರುವುದು, ಓದಿಕೊಂಡು ಬರುವುದು, ಇನ್ನೊಬ್ಬರ ಉತ್ತರವನ್ನು ನಕಲು ಮಾಡದಿರುವುದು ನಾನು ಅರಿತಿರುವ ಶಿಸ್ತು.

ಈ ವಿಷಯ ನಮ್ಮ ನಗರದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ್ದನ್ನು ಓದುಗರು ಮರೆತಿರಲಾರರು. ಚೆಂಬೂರಿನ ಎನ್.ಜಿ. ಆಚಾರ್ಯ ಮತ್ತು ಡಿ.ಕೆ. ಮರಾಠೆ ಕಾಲೇಜು 2024ರಲ್ಲಿ ಹಿಜಾಬ್, ನಖಾಬ್, ಬುರ್ಖಾ, ಸ್ಟೋಲ್, ಟೋಪಿ ಮತ್ತು ಬ್ಯಾಡ್ಜುಗಳನ್ನು ಕಾಲೇಜಿನ ಆವರಣದಲ್ಲಿ ನಿಷೇಧಿಸಿದಾಗ, ವಿಜ್ಞಾನ ಪದವಿ ಓದುತ್ತಿದ್ದ ಒಂಬತ್ತು ವಿದ್ಯಾರ್ಥಿನಿಯರು ಬಾಂಬೆ ಹೈಕೋರ್ಟಿಗೆ ಹೋದರು. ಉಡುಪಿನಿಂದ ವಿದ್ಯಾರ್ಥಿಯ ಧರ್ಮ ತಿಳಿಯಬಾರದು, ಎಲ್ಲರ ಗಮನವೂ ಓದಿನ ಮೇಲೆ ಇರಬೇಕು ಎಂಬ ಕಾಲೇಜಿನ ಉದ್ದೇಶವನ್ನು ಒಪ್ಪಿ ಹೈಕೋರ್ಟು ಜೂನ್ 26ರಂದು ಅವರ ಅರ್ಜಿಯನ್ನು ವಜಾಗೊಳಿಸಿತು. ಅದರ ಬೆನ್ನಿಗೇ ಹರಿದ ಜೀನ್ಸ್, ಟೀ-ಶರ್ಟ್, ಜೆರ್ಸಿಗಳಿಗೂ ಅದೇ ಕಾಲೇಜಿನಲ್ಲಿ ನಿಷೇಧ ಬಂತು. ಈ ಎರಡನೆಯ ಬೆಳವಣಿಗೆಯತ್ತ ಹೆಚ್ಚು ಜನ ಗಮನ ಹರಿಸಲಿಲ್ಲ ಎಂಬುದು ನನ್ನ ಕೊರಗು. ಒಂದು ಸಮುದಾಯದ ಹುಡುಗಿಯರ ಬಟ್ಟೆಯ ಮೇಲೆ ನಿಷೇಧ ಬಂದಾಗ ಅದು ತಮಗೆ ಸಂಬಂಧಿಸಿದ್ದಲ್ಲವೆಂದು ಸುಮ್ಮನಿದ್ದವರ ಮಕ್ಕಳ ಬಟ್ಟೆಯ ಮೇಲೂ ಮರುದಿನಗಳಲ್ಲೇ ನಿಷೇಧ ಬಂದಿತ್ತು.

ಅದೇ ವರ್ಷದ ಆಗಸ್ಟ್ 9ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಸಂಜೀವ್ ಖನ್ನಾ ಮತ್ತು ಪಿ.ವಿ. ಸಂಜಯ್ ಕುಮಾರ್ ಅವರ ಪೀಠವು ಹಿಜಾಬ್, ಟೋಪಿ ಮತ್ತು ಬ್ಯಾಡ್ಜುಗಳ ಮಟ್ಟಿಗೆ ಆ ಸೂಚನೆಗೆ ಮಧ್ಯಂತರ ತಡೆ ನೀಡಿತು. ತರಗತಿಯೊಳಗೆ ಬುರ್ಖಾ ಧರಿಸಲು ಅವಕಾಶವಿಲ್ಲವೆಂದೂ, ತಡೆಯಾಜ್ಞೆಯನ್ನು ಯಾರೂ ದುರುಪಯೋಗ ಮಾಡಿಕೊಳ್ಳಬಾರದೆಂದೂ ಪೀಠ ಹೇಳಿತು. ವಿಚಾರಣೆಯ ವೇಳೆ ನ್ಯಾಯಮೂರ್ತಿಗಳು ಕೇಳಿದ ಪ್ರಶ್ನೆಗಳು ಬಹಳ ಸರಳವಾಗಿದ್ದವು: ವಿದ್ಯಾರ್ಥಿಯ ಹೆಸರಿನಿಂದಲೇ ಧರ್ಮ ತಿಳಿಯುವುದಿಲ್ಲವೆ, ಹಣೆಯ ತಿಲಕವನ್ನೂ ನಿಷೇಧಿಸುವಿರಾ? ಹಾಜರಿ ಕೂಗುವ ಯಾವ ಅಧ್ಯಾಪಕರಿಗೂ ಈ ಪ್ರಶ್ನೆಗಳ ತೂಕ ತಿಳಿದೀತು. ತರಗತಿಯಲ್ಲಿ ಮುಖ ಕಾಣಬೇಕು, ವಿದ್ಯಾರ್ಥಿ ಯಾರೆಂದು ಅಧ್ಯಾಪಕರಿಗೆ ತಿಳಿಯಬೇಕು ಎಂಬ ನಿಯಮವನ್ನು ನಾನು ಒಪ್ಪುತ್ತೇನೆ, ಏಕೆಂದರೆ ಪಾಠ ಅರ್ಥವಾಗಿದೆಯೋ ಇಲ್ಲವೋ ಎಂಬುದನ್ನು ನಾವು ಓದುವುದು ಮುಖದಲ್ಲಿಯೇ. ಕೂದಲನ್ನು ಮಾತ್ರ ಮುಚ್ಚುವ ವಸ್ತ್ರ ಅದಕ್ಕೆ ಅಡ್ಡಿಯಾಗುವುದಿಲ್ಲ.

ಕರ್ನಾಟಕದಲ್ಲಿ 2022ರ ಆರಂಭದಲ್ಲಿ ನಡೆದದ್ದನ್ನು ಇಲ್ಲಿಂದಲೇ ನೋಡಿ ಸಂಕಟಪಟ್ಟವರಲ್ಲಿ ನಾನೂ ಒಬ್ಬಳು. ಉಡುಪಿಯ ಸರ್ಕಾರಿ ಪದವಿಪೂರ್ವ ಕಾಲೇಜಿನ ಬಾಗಿಲಲ್ಲಿ ಆರಂಭವಾದ ಹಿಜಾಬ್ ವಿವಾದ ಫೆಬ್ರುವರಿ 5ರ ಸರ್ಕಾರಿ ಆದೇಶಕ್ಕೂ, ಮಾರ್ಚ್ 15ರ ಹೈಕೋರ್ಟ್ ತೀರ್ಪಿಗೂ, ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪುಗಳಿಗೂ ಹೋಯಿತು. ಹಿಜಾಬಿಗೆ ಎದುರಾಗಿ ಕೇಸರಿ ಶಾಲುಗಳು ಬಂದವು. ಕಾಲೇಜುಗಳಿಗೆ ರಜೆ ಘೋಷಿಸಬೇಕಾಯಿತು. ಪದವಿಪೂರ್ವ ತರಗತಿಗಳ ಮಕ್ಕಳು ವಯಸ್ಸಿನಲ್ಲಿ ಕಿರಿಯರು, ಅಲ್ಲಿ ಸಮವಸ್ತ್ರವೆಂಬುದು ಮೊದಲಿನಿಂದಲೂ ಇದ್ದ ಕಡೆಗಳಿವೆ, ಆದ್ದರಿಂದ ಆ ಪ್ರಕರಣವನ್ನು ಹಾಗೆಯೇ ಪದವಿ ಕಾಲೇಜುಗಳಿಗೆ ಅನ್ವಯಿಸಬಾರದು. ಆದರೆ ಬಟ್ಟೆಯ ಕಾರಣಕ್ಕೆ ಪರೀಕ್ಷೆ ಬರೆಯದೆ ಹಿಂತಿರುಗಿದ ಹುಡುಗಿಯರ ಕಳೆದುಹೋದ ವರ್ಷವನ್ನು ಯಾವ ತೀರ್ಪೂ ಮರಳಿ ಕೊಡಲಾರದು ಎಂಬುದು ಎರಡೂ ಕಡೆಗೆ ಸಲ್ಲುವ ಮಾತು.

ಇದು ಒಂದೇ ಸಮುದಾಯದ ಪ್ರಶ್ನೆ ಎಂದು ತಿಳಿದವರು ಕರ್ನಾಟಕದಲ್ಲಿ ವೃತ್ತಿಪರ ಕೋರ್ಸುಗಳ ಪ್ರವೇಶಕ್ಕಾಗಿ 2025ರ ಏಪ್ರಿಲಿನಲ್ಲಿ ನಡೆದ ಸಿಇಟಿ ಪರೀಕ್ಷೆಯನ್ನು ನೆನೆಯಬೇಕು. ಶಿವಮೊಗ್ಗ ಮತ್ತು ಬೀದರಿನ ಪರೀಕ್ಷಾ ಕೇಂದ್ರಗಳಲ್ಲಿ ವಿದ್ಯಾರ್ಥಿಗಳಿಗೆ ಜನಿವಾರ ತೆಗೆಯುವಂತೆ ಹೇಳಲಾಯಿತು. ತೆಗೆಯಲೊಪ್ಪದ ಬೀದರಿನ ಹುಡುಗ ಗಣಿತ ಪತ್ರಿಕೆ ಬರೆಯಲಾಗದೆ ಮನೆಗೆ ಮರಳಿದ. ನಾಡಿನಾದ್ಯಂತ ಆಕ್ರೋಶ ವ್ಯಕ್ತವಾಯಿತು, ಸಿಬ್ಬಂದಿಯ ಮೇಲೆ ಕ್ರಮವೂ ಆಯಿತು. ನ್ಯಾಯವಾದ ಆಕ್ರೋಶವೇ ಅದು. ನಕಲು ತಡೆಯಲೆಂದು ಮಾಡಿದ ತಪಾಸಣೆ, ನಕಲಿಗೆ ಎಳ್ಳಷ್ಟೂ ನೆರವಾಗದ ಒಂದು ನೂಲಿನ ಎಳೆಯ ಮೇಲೆ ಬಂದು ನಿಂತದ್ದು ಅಲ್ಲಿಯ ಸಿಬ್ಬಂದಿಗೆ ನಿಯಮದ ಕಾರಣ ತಿಳಿದಿರಲಿಲ್ಲ ಎಂಬುದನ್ನು ತೋರಿಸುತ್ತದೆ. ಆ ಹುಡುಗನಿಗಾಗಿ ಮರುಗಿದವರು ಉಡುಪಿಯ ಹುಡುಗಿಯರಿಗಾಗಿಯೂ, ಹುಡುಗಿಯರ ಪರ ಮಾತಾಡಿದವರು ಆ ಹುಡುಗನ ಪರವಾಗಿಯೂ ಮಾತಾಡಲಿ ಎಂದು ನಾನು ಮನಃಪೂರ್ವಕವಾಗಿ ಆಶಿಸುತ್ತೇನೆ. ನಮ್ಮಲ್ಲಿ ಹಾಗೆ ಮಾತಾಡಿದವರು ವಿರಳ.

ಹೆಣ್ಣುಮಕ್ಕಳ ಸುರಕ್ಷತೆಗಾಗಿ ವಸ್ತ್ರಸಂಹಿತೆ ಬೇಕು ಎಂಬ ವಾದವನ್ನು ನಾನು ಪೋಷಕರ ಸಭೆಗಳಲ್ಲಿ ಅನೇಕ ಸಲ ಕೇಳಿದ್ದೇನೆ. ಹೇಳುವವರು ಕೆಟ್ಟವರಲ್ಲ, ಮಗಳು ರಾತ್ರಿ ಮನೆಗೆ ಮರಳುವ ತನಕ ಬಾಗಿಲ ಕಡೆ ಕಣ್ಣಿಟ್ಟು ಕೂರುವ ತಾಯಂದಿರು. ಆದರೂ ಈ ವಾದ ನಿಲ್ಲುವುದಿಲ್ಲ. 2005ರ ಏಪ್ರಿಲಿನಲ್ಲಿ ಮರೀನ್ ಡ್ರೈವಿನ ಪೊಲೀಸ್ ಚೌಕಿಯೊಳಗೆ ಪೊಲೀಸ್ ಪೇದೆಯೇ ಕಾಲೇಜು ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ಎಸಗಿದ ಪ್ರಕರಣ ಇಡೀ ಮುಂಬಯಿಯನ್ನು ನಡುಗಿಸಿತ್ತು. ಅದಾಗಿ ಕೆಲವೇ ವಾರಗಳಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಅಂದಿನ ಕುಲಪತಿಗಳು ಕಾಲೇಜುಗಳಲ್ಲಿ ಮಿನಿ ಸ್ಕರ್ಟ್, ಬಿಗಿಯಾದ ಟಾಪ್ ಮುಂತಾದವುಗಳಿಗೆ ತಡೆ ಹಾಕುವ ವಸ್ತ್ರಸಂಹಿತೆಯ ಪ್ರಸ್ತಾಪ ಮಾಡಿದರು. ಅಪರಾಧ ನಡೆದದ್ದು ಪೊಲೀಸ್ ಚೌಕಿಯಲ್ಲಿ, ಎಸಗಿದವನು ಸಮವಸ್ತ್ರದ ನೌಕರ. ತಿದ್ದಬೇಕಾದದ್ದು ವಿದ್ಯಾರ್ಥಿನಿಯರ ಉಡುಪನ್ನು ಎಂದು ಆಗ ಕೆಲವರಿಗಾದರೂ ತೋಚಿದ್ದನ್ನು ನೆನೆದರೆ ಈಗಲೂ ನನಗೆ ನೋವಾಗುತ್ತದೆ. ಸೀರೆ ಉಟ್ಟವರೂ, ಬುರ್ಖಾ ತೊಟ್ಟವರೂ, ಶಾಲೆಯ ಸಮವಸ್ತ್ರದ ಮಕ್ಕಳೂ ಈ ನಗರದ ಲೋಕಲ್ ರೈಲಿನಲ್ಲಿ ಕಿರುಕುಳ ಅನುಭವಿಸಿದ್ದಾರೆ. ನಿಲ್ದಾಣದಿಂದ ಕಾಲೇಜಿನವರೆಗಿನ ಬೀದಿದೀಪಗಳು ಉರಿಯುವಂತೆ ಮಾಡಿಸುವುದು, ಲೈಂಗಿಕ ಕಿರುಕುಳದ ದೂರು ಕೇಳುವ ಕಾಲೇಜಿನ ಆಂತರಿಕ ಸಮಿತಿ ನಿಜವಾಗಿಯೂ ಸಭೆ ಸೇರುವಂತೆ ನೋಡಿಕೊಳ್ಳುವುದು ಆಡಳಿತದಿಂದ ಆಗಬೇಕಾದ ಕೆಲಸ. ಕುರ್ತಾದ ತೋಳಿನ ಉದ್ದ ಅಳೆಯುವುದು ಅದಕ್ಕಿಂತ ಸುಲಭವೆಂಬ ಕಾರಣಕ್ಕೆ ಅದನ್ನೇ ಸುರಕ್ಷತೆ ಎಂದು ಕರೆಯಲಾಗದು.

ಬಡವ-ಶ್ರೀಮಂತ ಭೇದ ಕಾಣದಿರಲಿ ಎಂಬ ಇನ್ನೊಂದು ವಾದಕ್ಕೆ ನಾನು ಹೆಚ್ಚು ಗೌರವ ಕೊಡುತ್ತೇನೆ. ಶಾಲೆಯ ಮಟ್ಟಿಗೆ ಅದು ನಿಜ. ಸಮವಸ್ತ್ರವನ್ನು ಉಚಿತವಾಗಿ ಕೊಡುವ ಮಹಾನಗರಪಾಲಿಕೆ ಶಾಲೆಗಳಲ್ಲಿ ಅದು ಪೂರ್ತಿ ನಿಜ. ಪದವಿ ಕಾಲೇಜಿನಲ್ಲಿ ಮಾತ್ರ ‘ಫಾರ್ಮಲ್ ಅಂಗಿ, ಪ್ಯಾಂಟು, ಬೂಟು’ ಎಂಬ ಆದೇಶದ ಭಾರ ಬೀಳುವುದು ಬಡವರ ಮೇಲೆಯೇ. ದಾದರಿನ ಬೀದಿಯಲ್ಲೋ ಫ್ಯಾಷನ್ ಸ್ಟ್ರೀಟಿನಲ್ಲೋ ಚೌಕಾಸಿ ಮಾಡಿ ಕೊಂಡ ಟೀ-ಶರ್ಟಿಗೆ ಇಸ್ತ್ರಿ ಬೇಡ, ರಾತ್ರಿ ಒಗೆದು ಹಗ್ಗಕ್ಕೆ ಹಾಕಿದರೆ ಬೆಳಿಗ್ಗೆ ಹಾಕಿಕೊಳ್ಳಬಹುದು. ಪ್ರತಿದಿನ ಇಸ್ತ್ರಿ ಮಾಡಿದ ಅಂಗಿ ತೊಡಬೇಕೆಂದರೆ ಹಲವು ಜೊತೆ ಬೇಕು, ಇಸ್ತ್ರಿಯವನಿಗೆ ಕೊಡಲು ಹಣ ಬೇಕು, ಚಾಳಿನ ಒಂದೇ ಕೋಣೆಯಲ್ಲಿ ಅವುಗಳನ್ನು ಸುಕ್ಕಾಗದಂತೆ ಇಡಲು ಜಾಗ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ನಗರದ ಮೇಲೆ ಸುರಿಯುವುದು ಎರಡು ಸಾವಿರ ಮಿಲಿಮೀಟರಿಗೂ ಮೀರಿದ ಮಳೆ. ನಾಲಾಸೋಪಾರ, ದಿವಾ, ಡೊಂಬಿವಲಿಗಳಿಂದ ಬೆಳಗಿನ ತರಗತಿಗೆ ಹೊರಡುವ ಹುಡುಗ ಕತ್ತಲಲ್ಲೇ ರೈಲು ಹತ್ತಿ, ಕುರ್ಲಾದಲ್ಲಿಯೋ ಸಯನಿನಲ್ಲಿಯೋ ಮೊಣಕಾಲುದ್ದ ನೀರು ದಾಟಿ ಬರುತ್ತಾನೆ. ಅವನ ಕಾಲಲ್ಲಿ ಚಪ್ಪಲಿ ಇದೆಯೆಂದು ಗೇಟಿನಿಂದ ಹಿಂದಕ್ಕೆ ಕಳಿಸಿದರೆ ಆ ದಿನದ ಪಾಠ ಹೋಯಿತು, ಹಾಜರಾತಿಯೂ ಹೋಯಿತು, ಶೇ. 75ರಷ್ಟು ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎನ್ನುವ ನಿಯಮವೂ ಅದೇ ಕಾಲೇಜಿನಲ್ಲಿದೆ.

ಮುಂಬಯಿಯ ಕನ್ನಡಿಗರಾದ ನಮಗೆ ಈ ಮಾತು ಎಲ್ಲರಿಗಿಂತ ಬೇಗ ಅರ್ಥವಾಗಬೇಕು. ದಕ್ಷಿಣ ಕನ್ನಡ, ಉಡುಪಿ ಕಡೆಯ ಹಳ್ಳಿಗಳಿಂದ ಹತ್ತು-ಹನ್ನೆರಡು ವಯಸ್ಸಿಗೇ ಇಲ್ಲಿಗೆ ಬಂದು, ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದು, ಮೇಜು ಒರೆಸಿ, ರಾತ್ರಿ ಫೋರ್ಟ್ ಪರಿಸರದ ಕನ್ನಡ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತವರ ತಲೆಮಾರು ನಮ್ಮದು ಅಥವಾ ನಮ್ಮ ಹಿರಿಯರದು. ಕೆಲಸದ ಬಟ್ಟೆಯನ್ನು ಬದಲಿಸಲು ಹೊತ್ತಾಗಲಿ ಬದಲಿ ಬಟ್ಟೆಯಾಗಲಿ ಇಲ್ಲದೆ, ಸಾಂಬಾರಿನ ಕಲೆಯ ಅಂಗಿಯಲ್ಲೇ ಓಡಿ ಬಂದು ಕೂರುತ್ತಿದ್ದ ಹುಡುಗರನ್ನು ಆ ಶಾಲೆಗಳ ಮಾಸ್ತರರು ಒಳಗೆ ಕರೆದು ಕೂರಿಸಿಕೊಂಡರು. ಹಾಗೆ ಓದಿದವರಲ್ಲಿ ವಕೀಲರಾದವರಿದ್ದಾರೆ, ಬ್ಯಾಂಕಿನ ಅಧಿಕಾರಿಗಳಾದವರಿದ್ದಾರೆ, ಸ್ವಂತ ಹೋಟೆಲು ಕಟ್ಟಿದವರಿದ್ದಾರೆ, ನಂತರ ಶಿಕ್ಷಣ ಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿ ಕುಳಿತವರೂ ಇದ್ದಾರೆ. ಅಂದು ಕಾವಲುಗಾರನೊಬ್ಬ ಬಾಗಿಲಲ್ಲಿ ನಿಂತು ಅಂಗಿಯ ಕಲೆ ನೋಡಿದ್ದರೆ ಅವರಲ್ಲಿ ಎಷ್ಟು ಜನ ಒಳಗೆ ಹೋಗುತ್ತಿದ್ದರು? ಇಂದಿನ ವಿದ್ಯಾರ್ಥಿಗಳಲ್ಲೂ ರಾತ್ರಿ ಪಾಳಿಯ ಕೆಲಸ ಮುಗಿಸಿ, ತಿಂಡಿಯ ಪೊಟ್ಟಣ ತಲುಪಿಸುವ ಕಂಪನಿಯ ಟೀ-ಶರ್ಟಿನಲ್ಲೇ ಬೆಳಗಿನ ತರಗತಿಗೆ ಬರುವವರಿದ್ದಾರೆ. ಅವರು ಬಂದರಲ್ಲ ಎಂದು ಅಧ್ಯಾಪಕರು ಸಂತೋಷಪಡಬೇಕು.

ಉದ್ಯೋಗ ಸಂದರ್ಶನಕ್ಕೆ ತಯಾರಿಯಾಗಲಿ ಎಂಬ ಕಾರಣವನ್ನೂ ಕೆಲವು ಪ್ರಾಂಶುಪಾಲರು ಕೊಡುತ್ತಾರೆ. ಸಂದರ್ಶನದ ವಾರದಲ್ಲಿ ಹೇಗೆ ಉಡಬೇಕೆಂದು ಒಂದು ತಾಸು ಹೇಳಿಕೊಟ್ಟರೆ ಸಾಕು. ಅದಕ್ಕೆ ಮೂರು ವರ್ಷಗಳ ನಿಷೇಧ ಬೇಕಾಗಿಲ್ಲ.

ಇನ್ನು ನಿಯಮ ಮಾಡುವ ವಿಧಾನದ ಬಗ್ಗೆ ಹೇಳಬೇಕು, ಏಕೆಂದರೆ ಕಾನೂನಿನಲ್ಲಿ ದಾರಿ ಇದ್ದೂ ಅದನ್ನು ಬಳಸುತ್ತಿಲ್ಲ. 2016ರ ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಯ್ದೆಯ ಪ್ರಕಾರ ಸಂಯೋಜಿತ ಕಾಲೇಜುಗಳಲ್ಲಿ ಕಾಲೇಜು ಅಭಿವೃದ್ಧಿ ಸಮಿತಿ ಇರಬೇಕು. ಅದರಲ್ಲಿ ಆಡಳಿತ ಮಂಡಳಿ, ಅಧ್ಯಾಪಕರು, ಅಧ್ಯಾಪಕೇತರ ಸಿಬ್ಬಂದಿಯ ಜೊತೆಗೆ ವಿದ್ಯಾರ್ಥಿ ಮಂಡಳಿಯ ಅಧ್ಯಕ್ಷ ಮತ್ತು ಕಾರ್ಯದರ್ಶಿಗೂ ಸ್ಥಾನವಿದೆ. ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣೆಗಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗ 2023ರಲ್ಲಿ ಹೊರಡಿಸಿದ ನಿಯಮಾವಳಿಯು ಶಿಸ್ತಿಗೆ ಸಂಬಂಧಿಸಿದ ಸೂಚನೆಗಳನ್ನು ಪ್ರವೇಶಕ್ಕೆ ಮುಂಚೆಯೇ ಪ್ರವೇಶ ಪುಸ್ತಿಕೆಯಲ್ಲಿ ಪ್ರಕಟಿಸಬೇಕೆನ್ನುತ್ತದೆ. ದೂರು ಕೇಳಲು ಸಮಿತಿಯನ್ನೂ, ಅದರ ಮೇಲೆ ವಿಶ್ವವಿದ್ಯಾಲಯದ ಮಟ್ಟದಲ್ಲಿ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್ ಅವರನ್ನೂ ನೇಮಿಸಬೇಕೆನ್ನುತ್ತದೆ. ಹೀಗಿರುವಾಗ ಶುಲ್ಕ ಕಟ್ಟಿ ಎರಡು ವರ್ಷ ಓದಿದ ಹುಡುಗಿಗೆ ಮೂರನೆಯ ವರ್ಷದ ಹೊಸ್ತಿಲಲ್ಲಿ ವಾಟ್ಸಾಪ್ ಸಂದೇಶ ಕಳಿಸಿ, ನಾಳೆಯಿಂದ ನಿನ್ನ ಉಡುಪು ನಡೆಯದು ಎನ್ನುವುದು ಅನ್ಯಾಯ. ಅವಳು ಬೇರೆ ಕಾಲೇಜನ್ನು ಆರಿಸಿಕೊಳ್ಳುವ ಅವಕಾಶ ಆಗಲೇ ಕಳೆದುಹೋಗಿರುತ್ತದೆ.

ನನ್ನ ನೆರೆಮನೆಯ ಹುಡುಗಿಯನ್ನು ಅವಳ ಕಾಲೇಜಿನ ಗೇಟಿನಲ್ಲಿ ದುಪಟ್ಟಾ ಇಲ್ಲವೆಂದು ಎಲ್ಲರೆದುರು ತಡೆದು ನಿಲ್ಲಿಸಿದ ಸಂಗತಿಯನ್ನು ಅವಳ ತಾಯಿ ಹೇಳಿಕೊಂಡು ಅತ್ತರು. ‘ಅಕ್ಕಾ, ಅವಳೀಗ ಕಾಲೇಜಿಗೇ ಹೋಗುವುದಿಲ್ಲ ಅನ್ನುತ್ತಾಳೆ’ ಎಂದರು. ಆ ಕಾಲೇಜಿನ ಹೆಸರು ಇಲ್ಲಿ ಮುಖ್ಯವಲ್ಲ. ಅಪರಿಚಿತ ಗಂಡಸೊಬ್ಬ ಬೆಳಿಗ್ಗೆ ಬೆಳಿಗ್ಗೆ ನಮ್ಮ ಹೆಣ್ಣುಮಕ್ಕಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ಬಿಡುವ ಪದ್ಧತಿಯನ್ನೇ ನಿಲ್ಲಿಸಬೇಕು. ವಿದ್ಯಾರ್ಥಿಯ ಉಡುಪಿನ ಬಗ್ಗೆ ಏನಾದರೂ ಹೇಳುವುದಿದ್ದರೆ ತರಗತಿ ಮುಗಿದ ಮೇಲೆ ಅವರ ಅಧ್ಯಾಪಕರು ಬೇರೆಯಾಗಿ ಕರೆದು ಮೆಲ್ಲಗೆ ಹೇಳಲಿ.

ಈ ನಗರದಲ್ಲಿ ಕನ್ನಡಿಗರು ನಡೆಸುವ ಶಿಕ್ಷಣ ಸಂಸ್ಥೆಗಳು ಹಲವಿವೆ. ಪೊವಾಯಿಯಲ್ಲಿ ಬಂಟರ ಸಂಘದ ಎಸ್.ಎಂ. ಶೆಟ್ಟಿ ಸಂಸ್ಥೆಗಳಿವೆ, ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿ ಇದೆ. ಇವುಗಳಿಗೂ, ಕನ್ನಡಿಗರು ಪದಾಧಿಕಾರಿಗಳಾಗಿರುವ ಇತರ ಸಂಸ್ಥೆಗಳಿಗೂ ನನ್ನದೊಂದು ವಿನಂತಿಯಿದೆ. ತಮ್ಮ ಪದವಿ ತರಗತಿಗಳಿಗೆ ಸಂಬಂಧಿಸಿ ಉಡುಪಿನ ನಿಯಮವೇನಾದರೂ ಇದ್ದರೆ ಅದನ್ನು ಅಭಿವೃದ್ಧಿ ಸಮಿತಿಯ ಮುಂದೆ ವಿದ್ಯಾರ್ಥಿ ಪ್ರತಿನಿಧಿಗಳ ಎದುರು ಇಡಲಿ, ಒಂದೊಂದು ಅಂಶಕ್ಕೂ ಕಾರಣ ಬರೆಯಲಿ, ಕಾರಣ ಬರೆಯಲಾಗದ ಅಂಶವನ್ನು ಕೈಬಿಡಲಿ. ಉಳಿದದ್ದನ್ನು ಮುಂದಿನ ವರ್ಷದ ಪ್ರವೇಶ ಪುಸ್ತಿಕೆ ಅಚ್ಚಿಗೆ ಹೋಗುವ ಮೊದಲೇ ಅದರಲ್ಲಿ ಸೇರಿಸಲಿ. ಪ್ರಯೋಗಾಲಯಗಳ ಕಪಾಟಿನಲ್ಲಿ, ಮರೆತು ಬಂದವರಿಗಾಗಿ ಮತ್ತು ಕೊಳ್ಳಲಾಗದವರಿಗಾಗಿ, ಒಗೆದ ಏಪ್ರನ್ನುಗಳನ್ನೂ ಕೆಲವು ಜೊತೆ ಬೂಟುಗಳನ್ನೂ ಇಟ್ಟಿರಲಿ. ಅದಕ್ಕೆ ತಗಲುವ ಖರ್ಚನ್ನು ಹಳೆಯ ವಿದ್ಯಾರ್ಥಿಗಳು ಕೇಳಿದರೆ ಕೊಡುತ್ತಾರೆ, ನಾನೂ ಕೊಡುತ್ತೇನೆ.

ಇಂತು,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿ,
ಡೊಂಬಿವಲಿ ಪೂರ್ವ